ಇಲಿಮದ್ದು ತಿಂದ ಮಗು ಮರುದಿನ ಆಡುತ್ತಿದ್ದರೂ ನಂಬಬೇಡಿ

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನ ಊರುಗಳಲ್ಲಿ ಇಲಿಗಳು ಗದ್ದೆ ಬಿಟ್ಟು ಮನೆಗೆ ನುಗ್ಗುತ್ತವೆ. ಮೂಟೆ ಇಟ್ಟ ಮೂಲೆ, ಅಟ್ಟ, ಒಲೆಯ ಹಿಂದೆ, ಎಲ್ಲೆಲ್ಲೂ ಅವುಗಳದೇ ಓಡಾಟ. ರಾತ್ರಿ ಪಾತ್ರೆ ಮುಚ್ಚಿಡಿ, ದೀಪ ಆರಿಸಿ ಮಲಗಿ, ಇಲಿ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ತಗುಲಿಸೀತು ಎಂದು ಪ್ರವಾದಿ(ಸ) ಎಚ್ಚರಿಸಿದ್ದರು. ಇಲಿಯ ಕಾಟ ಅಷ್ಟು ಹಳೆಯದು. ಹೊಸದೆಂದರೆ, ಅದನ್ನು ಕೊಲ್ಲಲು ನಾವೇ ಮನೆಯೊಳಗೆ ತಂದಿಡುವ ವಿಷ.

ಟೊಮೆಟೊ ಹೋಳಿಗೆ, ಕೊಬ್ಬರಿ ಚೂರಿಗೆ, ಬೋಂಡಾಕ್ಕೆ ಪಾಷಾಣ ಸವರಿ ಮೂಲೆಯಲ್ಲಿಡುತ್ತೇವೆ. ಇಲಿಗೆ ರುಚಿಸುವುದು ಅಂಬೆಗಾಲಿಡುವ ಮಗುವಿಗೂ ರುಚಿಸುತ್ತದೆ. ಆ ಮೂಲೆ ನಮ್ಮ ಕಣ್ಣಿಗೆ ಬೀಳದಿದ್ದರೂ ಮಗುವಿನ ಕೈಗೆ ಎಟುಕುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು ಟ್ಯೂಬಿನಲ್ಲಿ ಬರುವ ಪೇಸ್ಟ್. ಅದರಲ್ಲಿರುವುದು ಹಳದಿ ರಂಜಕ. ನೋಡಲು ಥೇಟ್ ಟೂತ್‌ಪೇಸ್ಟ್. 2025ರಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ ಮೂರು ವರ್ಷದ ಹೆಣ್ಣುಮಗು ಹಾಗೆಂದುಕೊಂಡೇ ಅದರಲ್ಲಿ ಹಲ್ಲುಜ್ಜಿ ಪ್ರಾಣ ಕಳೆದುಕೊಂಡಿತು. ಈ ಪೇಸ್ಟ್ ಹೊಟ್ಟೆಗೆ ಹೋದರೆ ಮೊದಲ ದಿನ ವಾಂತಿ, ಹೊಟ್ಟೆನೋವು. ಬಳಿಕ ಒಂದೆರಡು ದಿನ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಉಣ್ಣುತ್ತದೆ, ಆಡುತ್ತದೆ. ಮನೆಯವರು ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಡುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಕಣ್ಣು ಹಳದಿಯಾಗಿ, ಮಂಪರು ಹತ್ತಿದಾಗ ಆಸ್ಪತ್ರೆಗೆ ಓಡಿದರೆ ಬಹಳ ತಡವಾಗಿರುತ್ತದೆ. ಇದಕ್ಕೆ ಪ್ರತಿಮದ್ದಿಲ್ಲ. ತಮಿಳುನಾಡು ಸರ್ಕಾರ ಇದನ್ನು ಶಾಶ್ವತವಾಗಿ ನಿಷೇಧಿಸಿದೆ.

ನೀಲಿ, ಹಸಿರು ಬಣ್ಣದ ಬಿಲ್ಲೆಗಳೂ ಹೀಗೇ ಮೋಸ ಮಾಡುತ್ತವೆ. ಅವುಗಳಲ್ಲಿರುವ ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಕಾಣಲು ಎರಡು ಮೂರು ದಿನ ಬೇಕು. ಆದರೆ ಇದಕ್ಕೆ ವಿಟಮಿನ್ ಕೆ ಮದ್ದಿದೆ. ರಕ್ತಪರೀಕ್ಷೆ ಮಾಡಿಸಿದರೆ ಮಗು ಉಳಿಯುತ್ತದೆ. ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಕಾಯುವುದೇ ಇಲ್ಲ. ಹೊಟ್ಟೆಯ ಆಮ್ಲ ತಾಗಿದೊಡನೆ ವಿಷಾನಿಲವಾಗುತ್ತದೆ.

ತಿನ್ನದೆಯೂ ವಿಷವೇರಬಹುದು. 2024ರ ನವೆಂಬರ್‌ನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನಲ್ಲಿ ಇಲಿಮದ್ದು ಇಟ್ಟ ಮನೆಯಲ್ಲಿ ಎಸಿ ಹಾಕಿ ಮಲಗಿದ್ದ ಕುಟುಂಬದ ಇಬ್ಬರು ಪುಟ್ಟ ಮಕ್ಕಳು ಸತ್ತರು, ತಂದೆತಾಯಿ ಆಸ್ಪತ್ರೆ ಸೇರಿದರು. ನಮ್ಮಲ್ಲಿ ಎಸಿ ಇರಲಿಕ್ಕಿಲ್ಲ. ಆದರೆ ಚಳಿಗೆ ಕಿಟಕಿ ಮುಚ್ಚಿ, ಮಕ್ಕಳನ್ನು ನೆಲದ ಮೇಲೆ ಮಲಗಿಸುವುದು ಮನೆಮನೆಯ ರೂಢಿ. ಆ ಅನಿಲ ಗಾಳಿಗಿಂತ ತುಸು ಭಾರ.

ಮಗು ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೂ ಸಾಕು, ಹೊರಡಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹಾಲು, ಎಣ್ಣೆ, ತುಪ್ಪವಂತೂ ಬೇಡವೇ ಬೇಡ. ಹಳದಿ ರಂಜಕ ಕೊಬ್ಬಿನಲ್ಲಿ ಕರಗುವಂಥದ್ದು, ಹಾಲು ಕುಡಿಸಿದರೆ ಮೈಗೆ ಇನ್ನಷ್ಟು ಏರುತ್ತದೆ. ಹಾಲು ವಿಷವನ್ನು ಇಳಿಸುತ್ತದೆ ಎನ್ನುವ ಅಜ್ಜಿಯರ ಮಾತನ್ನು ಇಲ್ಲಿ ಮಾತ್ರ ಕೇಳಬೇಡಿ. ಬಾಯಿ ಒರೆಸಿ, ಬಟ್ಟೆಗೆ ಮೆತ್ತಿದ್ದರೆ ಬದಲಿಸಿ, ಉಳಿದ ಪೊಟ್ಟಣ ಅಥವಾ ಟ್ಯೂಬನ್ನು ತಪ್ಪದೆ ಜೊತೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿಯದೆ ವೈದ್ಯರು ಏನು ಮಾಡಬೇಕು? ಸಂತೆಯಲ್ಲಿ ಸಿಗುವ, ಹೆಸರೇ ಇಲ್ಲದ ಪೊಟ್ಟಣಗಳನ್ನು ತರಬೇಡಿ ಎನ್ನುವುದು ಇದಕ್ಕಾಗಿಯೇ.

ಇಲಿಗೆ ಬೋನು ಸಾಕು. ಭತ್ತ, ಅಕ್ಕಿಯನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹಾಕಿ, ಬೆರಳು ತೂರುವ ಕಂಡಿಗಳನ್ನೂ ಬಿಡದೆ ಸಿಮೆಂಟಿನಿಂದ ಮುಚ್ಚಿ. ಇಂದೇ ಒಮ್ಮೆ ಅಟ್ಟದ ಮೇಲೆ, ಬಚ್ಚಲಿನ ಗೂಡಿನಲ್ಲಿ ಹುಡುಕಿ ನೋಡಿ, ಕಳೆದ ವರ್ಷದ ಟ್ಯೂಬು ಅಲ್ಲೇ ಬಿದ್ದಿರಬಹುದು.

ಅವಘಡವಾದರೆ 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಕೊಡಿಸಿ, ಅವರು ಹೇಳಿದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕರೆದೊಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಮಗು ನಗುತ್ತಿದೆಯೆಂದು ವೈದ್ಯರು ಹೇಳುವ ಮೊದಲೇ ಮನೆಗೆ ಕರೆತರಬೇಡಿ.