ಹಳೆಯ ಸರ್ವರ್ ಗಣಕಯಂತ್ರದ ಮೆಮೊರಿ ಹೆಚ್ಚಳ: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಪಹಣಿ, ಮ್ಯುಟೇಶನ್ ಅಥವಾ ಆದಾಯ ಪ್ರಮಾಣ ಪತ್ರಕ್ಕಾಗಿ ಕಚೇರಿಗೆ ಬರುವ ಸಾರ್ವಜನಿಕರಿಗೆ "ಸರ್ವರ್ ನಿಧಾನವಾಗಿದೆ" ಎಂಬ ಉತ್ತರ ಕೆಲವೊಮ್ಮೆ ದೊರೆಯುತ್ತದೆ. ಇದರ ಕಾರಣ ಮತ್ತು ಪರಿಹಾರಗಳ ಕುರಿತು ಇಲ್ಲಿ ವಿವರಿಸಲಾಗಿದೆ.

ಭೂಮಿ ಯೋಜನೆಯಡಿ 2000ನೇ ಇಸವಿಯ ಆಸುಪಾಸಿನಲ್ಲಿ ಪಹಣಿಗಳು ಗಣಕೀಕೃತಗೊಂಡಾಗ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಪ್ರತ್ಯೇಕ ಸರ್ವರ್ ಇರಿಸಲಾಗಿತ್ತು. ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು ಕಾರ್ಯಾರಂಭ ಮಾಡಿದ್ದು 2018ರಲ್ಲಿ. ಆದುದರಿಂದ ಶಿರೂರು, ಕೊಲ್ಲೂರು ಭಾಗದ ರೈತರು ಕುಂದಾಪುರಕ್ಕೂ, ಬ್ರಹ್ಮಾವರ ಭಾಗದವರು ಉಡುಪಿಗೂ ಹೋಗಬೇಕಿತ್ತು. ಅಂದು 15 ರೂಪಾಯಿ ಶುಲ್ಕದ ಪಹಣಿಗಾಗಿ ಬಸ್ಸು ಹಿಡಿದು ಬಂದವರಿಗೆ ಯಂತ್ರದ ಅರ್ಧ ಗಂಟೆಯ ವಿಳಂಬವೂ ಒಂದು ದಿನದ ಕೂಲಿಯ ನಷ್ಟವಾಗಬಹುದಿತ್ತು.

ಸರ್ವರಿನ ಹಾರ್ಡ್ ಡಿಸ್ಕ್ ಅನ್ನು ದಾಖಲೆ ಕೊಠಡಿಗೂ, ಮೆಮೊರಿಯನ್ನು ಗುಮಾಸ್ತರ ಮೇಜಿಗೂ ಹೋಲಿಸಬಹುದು. ಮೇಜು ಚಿಕ್ಕದಾದಲ್ಲಿ ಪ್ರತಿ ಕಡತಕ್ಕೂ ಕೊಠಡಿಗೆ ಎದ್ದು ಹೋಗಬೇಕಾಗುತ್ತದೆ. ಮೆಮೊರಿ ಸಾಲದಿದ್ದಾಗ ಯಂತ್ರವೂ ಹೀಗೆಯೇ ಡಿಸ್ಕಿಗೆ ಮತ್ತೆ ಮತ್ತೆ ಹೋಗುತ್ತದೆ. ಡಿಸ್ಕ್ ಮೆಮೊರಿಗಿಂತ ಬಹುಪಾಲು ನಿಧಾನವಾದುದರಿಂದ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ.

ಅಂಗಡಿಯಲ್ಲಿ ದೊರೆಯುವ ಯಾವುದೇ ಮೆಮೊರಿ ಪಟ್ಟಿಯನ್ನು ಸರ್ವರಿಗೆ ಅಳವಡಿಸಲಾಗದು. ಸರ್ವರ್ ಮೆಮೊರಿಯಲ್ಲಿ ಪ್ರತಿ 64 ಬಿಟ್ ಮಾಹಿತಿಗೆ 8 ಹೆಚ್ಚುವರಿ ಬಿಟ್‌ಗಳಿರುತ್ತವೆ. ಒಂದು ಬಿಟ್ ತಪ್ಪಾದರೆ ಯಂತ್ರವು ತಾನೇ ಸರಿಪಡಿಸಿಕೊಳ್ಳುತ್ತದೆ, ಎರಡು ತಪ್ಪಾದರೆ ಎಚ್ಚರಿಕೆ ನೀಡುತ್ತದೆ. ಸರ್ವೆ ನಂಬರಿನ ಒಂದು ಅಂಕಿ ಬದಲಾದರೂ ಜಮೀನು ಬೇರೆಯವರದಾಗುವ ದಾಖಲೆಗಳಿಗೆ ಈ ವ್ಯವಸ್ಥೆ ಅತ್ಯಗತ್ಯ. ಡಿಡಿಆರ್-2 ಮತ್ತು ಡಿಡಿಆರ್-3 ಪಟ್ಟಿಗಳೆರಡರಲ್ಲೂ 240 ಪಿನ್‌ಗಳಿದ್ದರೂ ಕಚ್ಚಿನ ಸ್ಥಾನ ಬೇರೆಯಾಗಿದ್ದು, ಒಂದರ ಸ್ಥಳದಲ್ಲಿ ಇನ್ನೊಂದು ಕೂರುವುದಿಲ್ಲ. ರಿಜಿಸ್ಟರ್ಡ್ ಮೆಮೊರಿಯೊಡನೆ ಸಾಮಾನ್ಯ ಮೆಮೊರಿಯನ್ನು ಬೆರೆಸುವಂತಿಲ್ಲ. ಅನೇಕ ಹಳೆಯ ಯಂತ್ರಗಳಲ್ಲಿ ಸಮಾನ ಪಟ್ಟಿಗಳನ್ನು ಜೋಡಿಯಾಗಿಯೇ ಅಳವಡಿಸಬೇಕು.

ತಂತ್ರಾಂಶದ ಮಿತಿಯನ್ನೂ ಮೊದಲೇ ಪರಿಶೀಲಿಸತಕ್ಕದ್ದು. 32 ಬಿಟ್‌ನ ವಿಂಡೋಸ್ ಸರ್ವರ್ 2003 ಸ್ಟ್ಯಾಂಡರ್ಡ್ ಆವೃತ್ತಿಯು 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸುವುದಿಲ್ಲ. ಅದಕ್ಕೆ 8 ಜಿಬಿ ಹಾಕಿದಲ್ಲಿ ಸರ್ಕಾರದ ಹಣ ವ್ಯರ್ಥ. ಇದಲ್ಲದೆ ಆ ತಂತ್ರಾಂಶಕ್ಕೆ ತಯಾರಕರ ಬೆಂಬಲ 14 ಜುಲೈ 2015ರಂದೇ ಕೊನೆಗೊಂಡಿರುವುದರಿಂದ, ಅಂತಹ ಯಂತ್ರಕ್ಕೆ ಮೆಮೊರಿ ಖರೀದಿಸುವುದಕ್ಕಿಂತ ಯಂತ್ರವನ್ನೇ ಬದಲಿಸುವುದು ಸೂಕ್ತ.

ಕರಾವಳಿಯಲ್ಲಿ ಇನ್ನೊಂದು ತೊಂದರೆಯಿದೆ. ಮಳೆಗಾಲದ ತೇವ ಹಾಗೂ ಉಪ್ಪಿನ ಗಾಳಿಯಿಂದ ಸಾಕೆಟ್ಟುಗಳಲ್ಲಿ ಕೊಳೆ ಸೇರಿ ಸಂಪರ್ಕ ಸಡಿಲಗೊಳ್ಳಬಹುದು. ಕೆಲವೊಮ್ಮೆ ಹಳೆಯ ಪಟ್ಟಿಯನ್ನು ತೆಗೆದು, ಸ್ವಚ್ಛಗೊಳಿಸಿ ಮರಳಿ ಕೂರಿಸಿದರೆ ಸಾಕಾಗುತ್ತದೆ, ಹೊಸದು ಬೇಕಿರುವುದಿಲ್ಲ.

ಕಾರ್ಯಕ್ಕೆ ಮುನ್ನ ಎಲ್ಲಾ ದತ್ತಾಂಶದ ಪ್ರತಿ ತೆಗೆದು, ಆ ಪ್ರತಿಯನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ನಂತರ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಗಳೆಲ್ಲವನ್ನೂ ಕಳಚಿ, ಸ್ಥಿರ ವಿದ್ಯುತ್ತಿನಿಂದ ಹಾನಿಯಾಗದಂತೆ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಧರಿಸಿ ಅಳವಡಿಸಲಾಗುತ್ತದೆ. ಅಳವಡಿಕೆಗೆ ಅರ್ಧ ಗಂಟೆ ಸಾಕು, ಆದರೆ ಮೆಮೊರಿ ಪರೀಕ್ಷೆ ರಾತ್ರಿಯಿಡೀ ನಡೆಯುವುದು ಒಳಿತು. ಎರಡನೇ ಶನಿವಾರದಂತಹ ರಜಾದಿನ ಇದಕ್ಕೆ ಅನುಕೂಲ.

ಮೆಮೊರಿ ಬದಲಾಯಿಸಿದ ಮಾತ್ರಕ್ಕೆ ತಮ್ಮ ಪಹಣಿಯಲ್ಲಿನ ಹೆಸರಾಗಲಿ ವಿಸ್ತೀರ್ಣವಾಗಲಿ ಬದಲಾಗುವುದಿಲ್ಲ. ದಾಖಲೆಗಳು ಡಿಸ್ಕಿನಲ್ಲಿರುತ್ತವೆ. ವಿದ್ಯುತ್ ನಿಂತಾಗ ಮೆಮೊರಿ ಮಾತ್ರ ಬರಿದಾಗುತ್ತದೆ. ಆದರೆ ನಮೂದು ಪೂರ್ಣಗೊಳ್ಳುವ ಮೊದಲೇ ಯಂತ್ರ ನಿಂತರೆ ಆ ನಮೂದು ದಾಖಲಾಗಿರುವುದಿಲ್ಲ. ಅರ್ಜಿಯನ್ನು ಪುನಃ ಸಲ್ಲಿಸಬೇಕಾಗುತ್ತದೆ.

ಇಂದು ಭೂಮಿ ದತ್ತಾಂಶವು ರಾಜ್ಯ ದತ್ತಾಂಶ ಕೇಂದ್ರದಲ್ಲಿದೆ. ಆದುದರಿಂದ ಬೈಂದೂರು ಅಥವಾ ಬ್ರಹ್ಮಾವರದಲ್ಲಿ ಪಹಣಿ ತಡವಾದರೆ ಕಾರಣವು ಜಾಲ ಸಂಪರ್ಕದಲ್ಲಿಯೂ ಇರಬಹುದು. ಅಂತಹ ಸಂದರ್ಭದಲ್ಲಿ ಕಚೇರಿಯ ಯಂತ್ರಕ್ಕೆ ಮೆಮೊರಿ ಸೇರಿಸಿ ಪ್ರಯೋಜನವಿಲ್ಲ.

ಅರ್ಜಿದಾರರು ಕೌಂಟರ್ ಬಿಡುವ ಮುನ್ನ ಸ್ವೀಕೃತಿಯನ್ನು ಪಡೆದು, ಸಕಾಲ ವ್ಯಾಪ್ತಿಯ ಸೇವೆಯಾದಲ್ಲಿ ಅದರಲ್ಲಿ ಸಕಾಲ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ಕೋರಲು ಆ ಸಂಖ್ಯೆ ಅಗತ್ಯವಾಗಿರುತ್ತದೆ.