ಇಲ್ಲದ ತೀರ್ಪು, ಅಳಿಸಲಾಗದ ಮೊಹರು

ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಆದೇಶವೊಂದನ್ನು 2025ರ ಮಾರ್ಚಿನಲ್ಲಿ ಪರಿಶೀಲಿಸಿದ ಕರ್ನಾಟಕ ಹೈಕೋರ್ಟಿಗೆ ವಿಚಿತ್ರ ಸಂಗತಿಯೊಂದು ಕಂಡಿತು. ಆದೇಶಕ್ಕೆ ಆಧಾರವಾಗಿ ಉಲ್ಲೇಖಿಸಿದ್ದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಅವನ್ನು ತಾವು ಮಂಡಿಸಿಯೇ ಇಲ್ಲವೆಂದು ವಾದಿಯ ವಕೀಲರು ಹೇಳಿದರು. ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೈಕೋರ್ಟ್ ಸೂಚಿಸಿತು. ಇದಕ್ಕೆ ಕೆಲವೇ ತಿಂಗಳ ಮೊದಲು, 2024ರ ಡಿಸೆಂಬರಿನಲ್ಲಿ, ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲೂ ಇಂತಹ ತೀರ್ಪುಗಳು ನುಸುಳಿ, ಅದನ್ನು ಹಿಂಪಡೆಯಬೇಕಾಯಿತು.

ನ್ಯೂಯಾರ್ಕಿನ ವಕೀಲರೊಬ್ಬರ ಪಾಡು ಇನ್ನೂ ಸ್ವಾರಸ್ಯಕರ. ಚಾಟ್‌ಜಿಪಿಟಿ ಒದಗಿಸಿದ ಪ್ರಕರಣಗಳು ನಿಜವೇ ಎಂದು ಅವರು ಚಾಟ್‌ಜಿಪಿಟಿಯನ್ನೇ ಕೇಳಿದರು, ಅದು ನಿಜವೆಂದಿತು. ಕಳ್ಳನ ಸಾಚಾತನಕ್ಕೆ ಕಳ್ಳನದೇ ಸಾಕ್ಷಿ! 2023ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಈ ಯಂತ್ರ ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಒಂದು ಪದದ ನಂತರ ಯಾವುದು ಬರುವ ಸಂಭವ ಹೆಚ್ಚೋ ಅದನ್ನು ಪೋಣಿಸುತ್ತ ಹೋಗುವುದಷ್ಟೇ ಅದರ ಕಸುಬು. ಕಕ್ಷಿದಾರರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬರುತ್ತವೆ, ತೀರ್ಪೊಂದನ್ನು ಬಿಟ್ಟು.

ಖೋಟಾ ದಾಖಲೆ ಕರ್ನಾಟಕಕ್ಕೆ ಹೊಸದೇನಲ್ಲ. ತೆಲಗಿಯ ನಕಲಿ ಛಾಪಾ ಕಾಗದಗಳನ್ನು ಮರೆತವರುಂಟೆ? ಅಂತಹ ವಂಚನೆಗೆ ಈಗ ಸೂಚಿಸಲಾಗುತ್ತಿರುವ ಮದ್ದು ಬ್ಲಾಕ್‌ಚೈನ್. ದಾಖಲೆಯಿಂದ ಗಣಿತದ ಮೂಲಕ ಬೆರಳಚ್ಚಿನಂತಹ ಸಂಖ್ಯೆಯೊಂದನ್ನು ತೆಗೆದು ಹಲವು ಕಂಪ್ಯೂಟರುಗಳಲ್ಲಿ ಸರಪಣಿಯಾಗಿ ಉಳಿಸಲಾಗುತ್ತದೆ. ಮುಂದೆ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ತಾಳೆಯಾಗದು. ಭೂದಾಖಲೆಗೆ, ಅಂಕಪಟ್ಟಿಗೆ, ನ್ಯಾಯಾಲಯದ ಪ್ರಮಾಣೀಕೃತ ಪ್ರತಿಗೆ ಇದು ನಿಸ್ಸಂದೇಹವಾಗಿ ಉಪಯುಕ್ತ. ಆದರೆ ಸಹಿಯಾದ ಮೇಲೆ ದಾಖಲೆಯನ್ನು ಯಾರೂ ತಿದ್ದಿಲ್ಲ ಎಂಬುದಕ್ಕಷ್ಟೇ ಅದು ಸಾಕ್ಷಿ. ಸಹಿಗೆ ಮುನ್ನ ಬರೆದದ್ದು ಸತ್ಯವೇ ಎಂಬುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಮೇಲೆ ಹೇಳಿದ ಆದೇಶಗಳ ಸಹಿ, ಮೊಹರು ಎಲ್ಲವೂ ಅಸಲಿಯೇ. ಅವನ್ನು ಸರಪಣಿಗೆ ಸೇರಿಸಿದ್ದರೆ ಇಲ್ಲದ ತೀರ್ಪುಗಳು ಅಳಿಸಲಾಗದಂತೆ ಭದ್ರವಾಗುತ್ತಿದ್ದವು.

ಹಾಗಾದರೆ ತಡೆ ಎಲ್ಲಿರಬೇಕು? ಸಹಿಗೆ ಮುನ್ನ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕಾಗಿ ಹೊರಡಿಸಿದ ನೀತಿ ಈ ದೃಷ್ಟಿಯಿಂದ ಗಮನಾರ್ಹ. ತೀರ್ಮಾನಕ್ಕೆ ಬರಲು ಕೃತಕ ಬುದ್ಧಿಮತ್ತೆಯನ್ನು ಬಳಸಕೂಡದು. ಅದು ನೀಡುವ ಉಲ್ಲೇಖ, ಅನುವಾದಗಳನ್ನು ಮನುಷ್ಯರೇ ಪರಿಶೀಲಿಸಬೇಕು. ಬಳಸಿದ ಪ್ರತಿ ಸಂದರ್ಭವನ್ನೂ ದಾಖಲಿಸಬೇಕು. ಇದಕ್ಕೆ ನಾನು ಇನ್ನೊಂದನ್ನು ಸೇರಿಸಬಯಸುತ್ತೇನೆ: ಆ ದಾಖಲೆಯನ್ನು ನೋಡುವ ಹಕ್ಕು ಕಕ್ಷಿದಾರನಿಗೂ ಇರಬೇಕು.

ಪರಿಶೀಲನೆ ಕಷ್ಟದ ಕೆಲಸವೂ ಅಲ್ಲ. 2023ರಿಂದ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಿಗೆ ಏಕರೂಪದ ಉಲ್ಲೇಖ ಸಂಖ್ಯೆ ನೀಡುತ್ತಿದೆ. ತೀರ್ಪುಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಆ ಸಂಖ್ಯೆಯಿಲ್ಲದ ಉಲ್ಲೇಖವನ್ನು ನ್ಯಾಯಾಲಯದ ಕಚೇರಿಯೇ ಹಿಂದಿರುಗಿಸಬಹುದು. ಸಿಟಿ ಸಿವಿಲ್ ನ್ಯಾಯಾಲಯದ ಆ ಪ್ರಕರಣದಲ್ಲಿ ಇಷ್ಟನ್ನು ಪತ್ತೆ ಮಾಡಲು ಕಕ್ಷಿದಾರರು ವಕೀಲರನ್ನಿಟ್ಟು ಹೈಕೋರ್ಟಿನವರೆಗೆ ಹೋಗಬೇಕಾಯಿತು. ಅಷ್ಟು ದೂರ ಹೋಗುವ ಶಕ್ತಿಯಿಲ್ಲದವನ ಪಾಲಿಗೆ ಮೊದಲ ಆದೇಶವೇ ಕಡೆಯ ಆದೇಶ.