ಗುಂಡಿನ ಮೈದಾನದ ಕಾವಲುಗಾರ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬ ಗಾದೆಗೆ “ಗುಂಡು ಹಾರಿದರೆ ಹೋಯಿತು” ಎಂದೂ ಸೇರಿಸಬೇಕೆಂದು ನನಗೆ ತಿಳಿದದ್ದು ಎನ್.ಸಿ.ಸಿ. ಶಿಬಿರದಲ್ಲಿ. ಅಂದು .22 ರೈಫಲಿನ ಕುದುರೆಯನ್ನೆಳೆದೆ, ಗುಂಡು ಹಾರಲಿಲ್ಲ. ಏನಾಯಿತೆಂದು ಕೇಳಲು ರೈಫಲ್ ಸಮೇತ ಪಕ್ಕಕ್ಕೆ ಹೊರಳಿದೆ. ಕೊಳವೆಯ ಬಾಯಿ ಪಕ್ಕದಲ್ಲಿ ಮಲಗಿದ್ದ ಗೆಳೆಯನ ಕಡೆಗೆ ತಿರುಗಿತು. “ನಿಲ್ಲಿಸಿ!” ಎಂಬ ಕೂಗಿನೊಡನೆ ಹಿಂದಿನಿಂದ ಬಂದ ಕೈಯೊಂದು ಕೊಳವೆಯನ್ನು ಗುರಿಹಲಗೆಯ ಕಡೆಗೆ ತಿರುಗಿಸಿ ಹಿಡಿಯಿತು. ಆ ಗುಂಡು ಕೊನೆಗೂ ಹಾರಲಿಲ್ಲ. ಆದರೂ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಕೈಯ ಕರ್ತವ್ಯವೇನೆಂದು ಅರಿಯುವ ಕುತೂಹಲವೇ ಈ ಲೇಖನಕ್ಕೆ ಕಾರಣ.

ಅಮೆರಿಕದಲ್ಲಿ ಈ ಕರ್ತವ್ಯ ಹೊತ್ತವನನ್ನು ರೇಂಜ್ ಸೇಫ್ಟಿ ಆಫೀಸರ್ ಎನ್ನುತ್ತಾರೆ. 1871ರಲ್ಲಿ ಸ್ಥಾಪಿತವಾದ ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಇದಕ್ಕೆಂದೇ ಶಿಕ್ಷಣ ಕೊಡುತ್ತದೆ. ಅಧಿಕಾರಿಯ ಕರ್ತವ್ಯಗಳು, ಮೈದಾನದ ತಪಾಸಣೆ ಮತ್ತು ನಿಯಮಗಳು, ಗುಂಡು ಹಾರಿಸುವವರಿಗೆ ಮೊದಲೇ ಕೊಡಬೇಕಾದ ತಿಳಿವಳಿಕೆ, ಅಪಘಾತವಾದಾಗ ನಡೆದುಕೊಳ್ಳುವ ಕ್ರಮ, ಬಂದೂಕ ಕೆಟ್ಟು ನಿಂತಾಗಿನ ಉಪಾಯ ಇವು ಪಾಠಗಳು. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಪ್ರಮಾಣಪತ್ರ.

ನನ್ನ ತಪ್ಪು ಈ ಕೊನೆಯ ಪಾಠಕ್ಕೆ ಸೇರಿದ್ದು. ತೋಟೆಯ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುವುದುಂಟು. ಆದುದರಿಂದ ಕೊಳವೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡುಗಳಾದರೂ ಕಾಯಬೇಕು. ಸದ್ದು ಎಂದಿಗಿಂತ ಕ್ಷೀಣವಾಗಿದ್ದರೆ ಗುಂಡು ಕೊಳವೆಯಲ್ಲೇ ಸಿಕ್ಕಿಕೊಂಡಿರಬಹುದು. ಪರೀಕ್ಷಿಸದೆ ಮತ್ತೊಂದನ್ನು ಹಾರಿಸಿದರೆ ಕೊಳವೆಯೇ ಸಿಡಿದೀತು. ಪುಟ್ಟ .22 ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬ ಅಲಂಕಾರಕ್ಕಲ್ಲ.

ಪ್ರಮಾಣಪತ್ರ ದೊರೆತ ಮಾತ್ರಕ್ಕೆ ವಿಮೆಯೂ ದೊರೆಯಿತೆಂದು ತಿಳಿಯಬಾರದು. ವಿಮೆಯಲ್ಲಿಯೂ ಬಗೆಗಳಿವೆ. ಅಪಘಾತ ವಿಮೆ, ವಿಮೆ ಮಾಡಿಸಿದವನಿಗೇ ಪೆಟ್ಟಾದಾಗ ಹಣ ಕೊಡುತ್ತದೆ. ಹೊಣೆಗಾರಿಕೆಯ ವಿಮೆ ಬೇರೆ: ಅವನ ಅಜಾಗ್ರತೆಯಿಂದ ಮತ್ತೊಬ್ಬರಿಗೆ ಹಾನಿಯಾಯಿತೆಂದು ದಾವೆ ಬಂದಾಗ, ಕರಾರಿನ ಮಿತಿಯೊಳಗೆ ನಷ್ಟವನ್ನು ತುಂಬಿಕೊಡುತ್ತದೆ. ಕ್ಲಬ್ಬಿಗೆ ವಿಮೆಯಿದೆಯೆಂದು ನೆಮ್ಮದಿಯಾಗಿರುವಂತಿಲ್ಲ. ಸಂಬಳವಿಲ್ಲದೆ ಸೇವೆ ಮಾಡುವ ಅಧಿಕಾರಿಗೂ ಅದು ಅನ್ವಯಿಸುವುದೇ, ಬೇರೆ ಮೈದಾನದಲ್ಲಿಯೂ ಸಲ್ಲುವುದೇ ಎಂಬುದನ್ನು ಕರಾರು ಓದಿಯೇ ತಿಳಿಯಬೇಕು. ಬೇಕೆಂದೇ ಮಾಡಿದ ಕೃತ್ಯಕ್ಕೆ ಸಾಮಾನ್ಯವಾಗಿ ಯಾವ ವಿಮೆಯೂ ಹೊಣೆಯಾಗದು.

ಆದರೆ ವಿಮೆ ತುಂಬಿಕೊಡುವುದು ಹಣವನ್ನು ಮಾತ್ರ. ಹೋದ ಕಣ್ಣನ್ನಾಗಲಿ ಪ್ರಾಣವನ್ನಾಗಲಿ ಅಲ್ಲ. ಆದ್ದರಿಂದಲೇ ಅಪಾಯ ಕಂಡಾಗ “ನಿಲ್ಲಿಸಿ” ಎಂದು ಕೂಗುವ ಅಧಿಕಾರವನ್ನು ಒಬ್ಬ ಅಧಿಕಾರಿಗಷ್ಟೇ ಮೀಸಲಿಡದೆ, ಮೈದಾನದಲ್ಲಿರುವ ಪ್ರತಿಯೊಬ್ಬನಿಗೂ ಕೊಟ್ಟಿರುತ್ತಾರೆ. ನಿನ್ನೆ ಸೇರಿದ ಹುಡುಗನೂ ಸಂಕೋಚಪಡದೆ ಕೂಗಬಹುದು, ಕೂಗಬೇಕು.

ನನ್ನ ಆ ಗೆಳೆಯ ಇಂದಿಗೂ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತುಕೊಳ್ಳುತ್ತಾನೆ. ಅಂದಿನ ಸಂಗತಿಯನ್ನೆತ್ತಿ ಆಗಾಗ ನಗೆಯಾಡುವುದೂ ಉಂಟು. ಅವನೊಡನೆ ನಗಲು ನನಗಿನ್ನೂ ಸಾಧ್ಯವಾಗಿಲ್ಲ.